ಚರ್ಚ್‌ನ ಬಣ್ಣದ ಗಾಜಿನ ಕಿಟಕಿ: ಬಿಚ್ಚುವ ಮೊದಲು ನೋಡಬೇಕಾದದ್ದು, ಬಿಚ್ಚಿದ ಮೇಲೆ ಮಾಡಬೇಕಾದದ್ದು

ಬಣ್ಣದ ಗಾಜಿನ ಕಿಟಕಿ ಹಾಳಾಗುವುದು ಮಳೆಗಾಳಿಯಿಂದ, ಹುಡುಗರ ಕಲ್ಲೇಟಿನಿಂದ ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ. ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿ ಕಟ್ಟಿದ ಪ್ಯಾನೆಲ್ ಬಿಚ್ಚಿ ಮೇಜಿನ ಮೇಲೆ ಮಲಗಿಸಿದಾಗ ಬೇರೆಯೇ ಕಾಣುತ್ತದೆ. ಒಡೆದ ಜಾಗಕ್ಕೆ ಮೆತ್ತಿದ ಎಪಾಕ್ಸಿ ಅಂಟು, ಸೀಸದ ಸಂದಿಗೆ ತುಂಬಿದ ಬಿಳಿ ಸಿಮೆಂಟ್, ಆ್ಯಸಿಡ್ ಹಾಕಿ ತಿಕ್ಕಿ ಅಳಿಸಿಹೋದ ಸಂತರ ಮುಖ. ಹಾನಿಯ ದೊಡ್ಡ ಪಾಲು ಹಿಂದೆ ರಿಪೇರಿ ಮಾಡಿದವರದ್ದೇ. ಹಾಗಾಗಿ ಏನು ಮಾಡಬೇಕು ಎನ್ನುವಷ್ಟೇ ಎಲ್ಲಿ ಕೈ ತಡೆಯಬೇಕು ಎನ್ನುವುದನ್ನೂ ಇಲ್ಲಿ ಹೇಳಿದೆ. ಚರ್ಚ್ ಕಮಿಟಿಯವರು, ಕಟ್ಟಡದ ಎಂಜಿನಿಯರು, ಗಾಜಿನ ಕೆಲಸ ಬಲ್ಲವರು ಮೂವರಿಗೂ ಉಪಯೋಗವಾಗಲಿ ಎಂಬುದು ಉದ್ದೇಶ.

ಯಾರ್ಕ್‌ನ ಪೂರ್ವ ಕಿಟಕಿ ಕಲಿಸುವುದು

ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಎಂಬ ಹಳೆಯ ಚರ್ಚ್‌ನ ದೊಡ್ಡ ಪೂರ್ವ ಕಿಟಕಿ ಈ ಕೆಲಸದ ಎಲ್ಲ ಪಾಠಗಳೂ ಒಂದೇ ಕಡೆ ಸಿಗುವ ಜಾಗ. 1405ರ ಡಿಸೆಂಬರಿನಲ್ಲಿ ಕವೆಂಟ್ರಿ ಊರಿನ ಜಾನ್ ಥಾರ್ನ್‌ಟನ್ ಎಂಬ ಗಾಜಿನ ಕಸುಬಿನವನ ಜತೆ ಕರಾರಾಯಿತು. ಮೂರು ವರ್ಷದಲ್ಲಿ ಮುಗಿಸಬೇಕು; ವಾರಕ್ಕೆ 4 ಶಿಲಿಂಗ್, ವರ್ಷದ ಕೊನೆಗೆ 5 ಪೌಂಡ್, ಹೇಳಿದ ಹೊತ್ತಿಗೆ ಮುಗಿಸಿದರೆ ಮೇಲೆ 10 ಪೌಂಡ್. ಎಲ್ಲ ಸೇರಿ ಸುಮಾರು 56 ಪೌಂಡ್. ಆತ ಮಾತಿಗೆ ತಪ್ಪಲಿಲ್ಲ, 1408ರಲ್ಲಿ ಮುಗಿಸಿ ಕಿಟಕಿಯ ನೆತ್ತಿಯಲ್ಲಿ ಇಸವಿಯನ್ನೂ ಬರೆದ. ಒಟ್ಟು 311 ಪ್ಯಾನೆಲ್. ಅದರಲ್ಲಿ 27 ಹಳೆಯ ಒಡಂಬಡಿಕೆಯ ಕಥೆಗಳು, 81 ಪ್ರಕಟನೆ ಗ್ರಂಥದ ದೃಶ್ಯಗಳು.

ಮುಂದಿನ ಆರು ಶತಮಾನದಲ್ಲಿ ಆದದ್ದು ಎಲ್ಲ ಚರ್ಚ್‌ಗಳಲ್ಲೂ ಆಗುವಂಥದ್ದೇ. ಗಾಜು ಬಿರುಕು ಬಿಟ್ಟಲ್ಲೆಲ್ಲ ಹೊಸ ಸೀಸದ ಪಟ್ಟಿ ಹಾಕಿದರು. ಒಂದೊಂದು ಬಿರುಕಿಗೆ ಒಂದೊಂದು ಕಪ್ಪು ಗೆರೆ. ಗೆರೆ ಹೆಚ್ಚಿದಂತೆ ಮುಖ ಯಾವುದು, ಬಟ್ಟೆಯ ಮಡಿಕೆ ಯಾವುದು ಎಂದು ತಿಳಿಯದಾಯಿತು. ತುಂಡು ಕಳೆದುಹೋದಲ್ಲಿ ಬೇರೆ ಕಿಟಕಿಯ ಚೂರು ತಂದು ತುಂಬಿದರು. ಎರಡು ಮಹಾಯುದ್ಧದಲ್ಲೂ ಗಾಜು ಇಳಿಸಿ ಅಡಗಿಸಿಟ್ಟರು. ಎರಡನೆಯದರ ನಂತರ ಮರಳಿ ಕೂರಿಸುವಾಗ ಆ ಚರ್ಚ್‌ನ ಮುಖ್ಯಸ್ಥರಾಗಿದ್ದ ಡೀನ್ ಮಿಲ್ನರ್-ವೈಟ್ ತಮ್ಮ ಓದಿನ ಪ್ರಕಾರ ತುಂಡುಗಳ ಜಾಗ ಬದಲಿಸಿದರು. 2008ರಲ್ಲಿ ಗಾಜನ್ನು ಮತ್ತೆ ಇಳಿಸಿದಾಗ ಗಾಜಿನ ಸಂರಕ್ಷಣೆ ಮಾಡುವ ಯಾರ್ಕ್ ಗ್ಲೇಜಿಯರ್ಸ್ ಟ್ರಸ್ಟ್‌ನವರ ಪಾಲಿಗೆ ಬಂದ ಕೆಲಸದಲ್ಲಿ ಮುಖ್ಯವಾದದ್ದು ಇದನ್ನೆಲ್ಲ ಬಿಡಿಸುವುದು: ಬಿರುಕಿನ ಸೀಸ ತೆಗೆದು ಅಂಚಿಗೆ ಅಂಚು ಅಂಟಿಸುವುದು, ಎಲ್ಲಿಂದಲೋ ಬಂದ ಚೂರು ಗುರುತಿಸುವುದು, ಆಮೇಲೆ ಹೊರಗಡೆ ಅತಿನೇರಳೆ ಕಿರಣ ತಡೆಯುವ ರಕ್ಷಣಾ ಗಾಜು ಹಾಕುವುದು. ಕೊನೆಯ ಪ್ಯಾನೆಲ್ ಮೇಲೇರಿದ್ದು 2018ರ ಜನವರಿಯಲ್ಲಿ. ಮಾಡಲು ಮೂರು ವರ್ಷ ಹಿಡಿದ ಕಿಟಕಿಗೆ ರಿಪೇರಿಗೆ ಹತ್ತು ವರ್ಷ. "ಈಸ್ಟರ್ ಒಳಗೆ ಮುಗಿಸಿಕೊಡಿ" ಎನ್ನುವವರು ಈ ಲೆಕ್ಕ ನೆನಪಿಟ್ಟುಕೊಂಡರೆ ಒಳ್ಳೆಯದು.

ನಿಮ್ಮ ಗಾಜು ಯಾವ ಕಾಲದ್ದು?

ಇದು ಗೊತ್ತಾಗದೆ ಹತ್ತಿಯನ್ನೂ ಒದ್ದೆ ಮಾಡಬೇಡಿ. ಮಧ್ಯಯುಗದ ಉತ್ತರ ಯುರೋಪಿನ ಗಾಜು ಹೆಚ್ಚಾಗಿ ಮರಳು ಮತ್ತು ಮರದ ಬೂದಿಯಿಂದ ಮಾಡಿದ್ದು. ಅದರಲ್ಲಿ ಪೊಟ್ಯಾಶ್ ಜಾಸ್ತಿ. ನೀರು ತಗಲುತ್ತಿದ್ದರೆ ಪೊಟ್ಯಾಶ್ ಹೊರಬಂದು ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಯನ್ನು ಕೊಳೆ ಎಂದು ತಿಳಿದು ತೆಗೆಯಲು ಹೋದರೆ ಜತೆಗೆ ಗಾಜೂ ಬರುತ್ತದೆ. 19 ಮತ್ತು 20ನೇ ಶತಮಾನದ ಗಾಜಿನಲ್ಲಿ ಸೋಡಾ ಹೆಚ್ಚು, ಅದು ಗಟ್ಟಿ. ಮೈಸೂರಿನ ಸಂತ ಫಿಲೋಮಿನಾ ಚರ್ಚ್‌ಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಇಟ್ಟದ್ದು 1933ರಲ್ಲಿ. ಅದರ ಬಣ್ಣದ ಗಾಜು ಬಂದದ್ದು ಫ್ರಾನ್ಸಿನಿಂದ. ಈ ವಯಸ್ಸಿನ ಕಿಟಕಿಗಳಲ್ಲಿ ಗಾಜಿಗಿಂತ ಮೊದಲು ಸೋಲುವುದು ಸೀಸ, ಸಂದಿಯ ಪುಟ್ಟಿ ಮತ್ತು ಕಬ್ಬಿಣದ ಕಂಬಿ. ಯುರೋಪಿನ ಪೊಟ್ಯಾಶ್ ಗಾಜಿಗೆ ಹೇಳಿದ ಮದ್ದನ್ನೆಲ್ಲ ಇದಕ್ಕೂ ಹಾಕಬೇಕಾಗಿಲ್ಲ.

ಕಾಲ ಪತ್ತೆಗೆ ಸುಳಿವುಗಳಿವೆ. ಗಾಜಿನ ಹಿಂಬದಿಯಲ್ಲಿ ನಿಂಬೆ ಹಳದಿಯಿಂದ ಕಿತ್ತಳೆವರೆಗಿನ ಛಾಯೆ ಕಂಡರೆ ಅದು ಬೆಳ್ಳಿಯ ಸಂಯುಕ್ತ ಬಳಿದು ಸುಟ್ಟದ್ದು. 14ನೇ ಶತಮಾನದ ಮೊದಲಲ್ಲಿ ಬಳಕೆಗೆ ಬಂದ ವಿಧಾನ. ಒಂದೇ ತುಂಡಿನ ಮೇಲೆ ನೀಲಿ, ನೇರಳೆ, ಹಸಿರು ಎನಾಮೆಲ್ ಬಣ್ಣ ಇದ್ದರೆ 16ನೇ ಶತಮಾನದ ನಡುಭಾಗದಿಂದ ಈಚಿನದು. ಕೆಂಪು ಗಾಜಿನ ಒಡೆದ ಅಂಚನ್ನು ಅಡ್ಡಲಾಗಿ ನೋಡಿ. ಬಣ್ಣವಿಲ್ಲದ ಗಾಜಿನ ಮೇಲೆ ತೆಳ್ಳಗಿನ ಕೆಂಪು ಪದರ ಕಾಣುತ್ತದೆ. ಪೂರ್ತಿ ಕೆಂಪಾಗಿದ್ದರೆ ಗಾಜು ಕಪ್ಪಾಗಿ ಕಾಣುತ್ತಿತ್ತು, ಅದಕ್ಕೇ ಈ ಉಪಾಯ. ಆ ಪದರ ಇರುವ ಕಡೆ ಉಜ್ಜಿದರೆ ಬಣ್ಣವೇ ಹೋಗುತ್ತದೆ.

ಸೀಸವೂ ಮಾತಾಡುತ್ತದೆ. ಮಧ್ಯಯುಗದ ಪಟ್ಟಿ ಅಚ್ಚಿನಲ್ಲಿ ಎರೆದದ್ದು, ಒಳಮೈ ನುಣುಪು. 16ನೇ ಶತಮಾನದಿಂದ ಈಚೆಗೆ ಹಲ್ಲಿನ ಚಕ್ರದ ಯಂತ್ರದಲ್ಲಿ ಎಳೆದ ಪಟ್ಟಿ ಬಂತು, ಒಳಗಡೆ ಸಮ ಅಂತರದ ಗೀರುಗಳಿರುತ್ತವೆ. ಕೆಲವು ಚಕ್ರಗಳಲ್ಲಿ ಕಸುಬುದಾರನ ಹೆಸರು, ಇಸವಿ ಕೆತ್ತಿರುತ್ತಿದ್ದರು; ಪಟ್ಟಿ ಬಿಡಿಸಿದಾಗ ಅದರ ಹೊಟ್ಟೆಯೊಳಗೆ ಆ ಅಕ್ಷರ ಮೂಡಿರುತ್ತದೆ. ಹಳೆಯ ಸೀಸ ಗುಜರಿಗೆ ಹಾಕುವ ಮೊದಲು ಪ್ರತಿ ಪ್ಯಾನೆಲಿನದ್ದೂ ಒಂದು ಗೇಣಿನಷ್ಟಾದರೂ ಬಿಚ್ಚಿ ಒಳಗೆ ನೋಡಿ.

ಇನ್ನೊಂದು ಎಚ್ಚರಿಕೆ ಇಂಗ್ಲಿಷ್ ಕಂಪನಿಗಳ 1860–70ರ ದಶಕದ ಕಿಟಕಿಗಳ ಬಗ್ಗೆ. ಕಡಿಮೆ ಬಿಸಿಯಲ್ಲೇ ಬಣ್ಣ ಕೂರಲಿ ಎಂದು ಆಗ ಕೆಲವರು ಗಾಜಿನ ಬಣ್ಣಕ್ಕೆ ಬೋರಾಕ್ಸ್ ಬೆರೆಸಿದರು. ತೇವ ತಗುಲಿ ಆ ಬಣ್ಣ ಉದುರುತ್ತದೆ. ಮೈಕಟ್ಟು, ಬಟ್ಟೆ ಎಲ್ಲ ಚೆನ್ನಾಗಿದ್ದು ಮುಖದಲ್ಲಿ ಕಣ್ಣು ಮೂಗು ಮಾತ್ರ ಮಾಸಿದ್ದರೆ ಅನುಮಾನ ಪಡಿ. ಇಂಗ್ಲಿಷರ ಕಾಲದ ಚರ್ಚ್‌ಗಳಲ್ಲಿ ಇಂಥದ್ದು ಇರಬಹುದು.

ಬಿಚ್ಚಲೇಬೇಕೆ?

ಬಹಳ ಸಲ ಬೇಡ. ಸೀಸದ ಪಟ್ಟಿ ಸಾಮಾನ್ಯವಾಗಿ 75ರಿಂದ 100 ವರ್ಷ ಬಾಳುತ್ತದೆ, ಚೆನ್ನಾಗಿದ್ದರೆ ಇನ್ನೂ ಹೆಚ್ಚು. ನಿರ್ಧರಿಸುವ ಮೊದಲು ಇಷ್ಟನ್ನು ನೋಡಿ:

ಪ್ಯಾನೆಲಿನ ಎರಡು ಅಂಚಿಗೆ ಅಡ್ಡವಾಗಿ ದಾರ ಬಿಗಿಹಿಡಿದು ನಡುವಿನ ಉಬ್ಬು ಅಳೆಯಿರಿ. 35–40 ಮಿ.ಮೀ. ಒಳಗಿದ್ದು, ಗಾಜು ಒಡೆಯದೆ, ಸೀಸ ಸೀಳದೆ ಇದ್ದರೆ ಹಾಗೇ ಬಿಡಬಹುದು. ಪ್ಯಾನೆಲನ್ನು ಕಬ್ಬಿಣದ ಕಂಬಿಗೆ ಬಿಗಿಯುವ ತಾಮ್ರದ ಕಟ್ಟುತಂತಿ ಬಿಟ್ಟುಹೋಗಿದ್ದರೆ ಮತ್ತೆ ಹಾಕಿದರೆ ಸಾಕು. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿಯಾಗಿದ್ದರೆ ಮಂದ ಸದ್ದು, ಪುಟ್ಟಿ ಉದುರಿದ್ದರೆ ಗಲಗಲ ಸದ್ದು. ಗಲಗಲ ಎಂದರೆ ಮತ್ತೆ ಪುಟ್ಟಿ ತುಂಬಬೇಕು, ಇಡೀ ಸೀಸ ಬದಲಿಸಬೇಕೆಂದಲ್ಲ. ಬೆಸುಗೆಯ ಪಕ್ಕದಲ್ಲೇ ಪಟ್ಟಿಗೆ ಅಡ್ಡಲಾಗಿ ಕೂದಲೆಳೆಯ ಸೀಳು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಗಾಳಿಗೆ ಅಲ್ಲಾಡಿ, ಹಗಲು ಹಿಗ್ಗಿ ರಾತ್ರಿ ಕುಗ್ಗಿ ಸೀಸ ದಣಿಯುವುದು ಅಲ್ಲಿಯೇ. ಪ್ಯಾನೆಲಿನ ಉದ್ದಕ್ಕೂ ಹೀಗೆ ಸೀಳಿದ್ದರೆ, ಗಾಜಿನ ತುಂಡು ಪಟ್ಟಿಯಿಂದ ಜಾರಿ ಹೊರಬಂದಿದ್ದರೆ ಮಾತ್ರ ಹೊಸ ಸೀಸದ ಮಾತು.

ಗಾಜು ಬಿಟ್ಟು ಸುತ್ತಲೂ ನೋಡಿ. 2009ರಲ್ಲಿ ಕ್ಯಾಂಟರ್‌ಬರಿ ಕೆಥೆಡ್ರಲ್‌ನ ದಕ್ಷಿಣ ದೊಡ್ಡ ಕಿಟಕಿಯಿಂದ ಉದುರಿದ್ದು ಕಲ್ಲು. ಗಾಜು ಅಲ್ಲ. 12ನೇ ಶತಮಾನದ ಆ ಗಾಜನ್ನೆಲ್ಲ ಇಳಿಸಿ ಕಲ್ಲಿನ ಚೌಕಟ್ಟು ಸರಿಮಾಡಬೇಕಾಯಿತು. ಕಲ್ಲಿನೊಳಗೆ ಹೂತ ಕಬ್ಬಿಣದ ಕಂಬಿ ತುಕ್ಕು ಹಿಡಿದರೆ ಹಲವು ಪಟ್ಟು ಊದುತ್ತದೆ, ಕಲ್ಲನ್ನು ಸೀಳುತ್ತದೆ, ಪ್ಯಾನೆಲನ್ನು ಹಿಂಡುತ್ತದೆ. ಮೂಲ ಕಾರಣ ಬಿಟ್ಟು ಗಾಜಿಗೆ ದುಡ್ಡು ಸುರಿದರೆ ಮತ್ತದೇ ಬಿರುಕು ಅದೇ ಜಾಗದಲ್ಲಿ ಬರುತ್ತದೆ. ಮೇಲಿನ ಮಳೆನೀರಿನ ದೋಣಿ ಕಟ್ಟಿಕೊಂಡಿದೆಯೇ, ಗೋಡೆಯ ತೇವ ಎಲ್ಲಿಂದ ಎಂಬುದೂ ಇದೇ ಪಟ್ಟಿಯಲ್ಲಿ ಬರಬೇಕು.

ಕೊಟೇಶನ್ ಬಗ್ಗೆ ಒಂದು ಮಾತು. ಚದರ ಅಡಿಗೆ ಇಷ್ಟು ಎಂಬ ದರಕ್ಕೆ ಒಪ್ಪಬೇಡಿ. ಆ ಲೆಕ್ಕದಲ್ಲಿ ಹಳೆಯ ತುಂಡು ಉಳಿಸಲು ಕೂತವನಿಗೆ ನಷ್ಟ, ಹೊಸ ಗಾಜು ಕತ್ತರಿಸಿ ಹಾಕಿದವನಿಗೆ ಲಾಭ. ಪ್ಯಾನೆಲ್ ಒಂದೊಂದಕ್ಕೂ ಸ್ಥಿತಿ ಬರೆದು, ಮಾಡುವ ಕೆಲಸ ಬರೆದು, ಅದಕ್ಕೆ ಬೆಲೆ ಕೇಳಿ. ಕಾರ್ಪಸ್ ವಿಟ್ರೇಯಾರಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2004ರ ನಿಯಮಾವಳಿ ಪ್ರಕಾರ ಕೆಲಸ ನಡೆಯಬೇಕೆಂದು ಕರಾರಿನಲ್ಲಿ ಸೇರಿಸಬಹುದು. ಆದಷ್ಟು ಕಡಿಮೆ ಕೈಹಾಕು, ಮಾಡಿದ್ದನ್ನು ಮುಂದೆ ಬಿಚ್ಚಲು ಬರಬೇಕು, ಎಲ್ಲವನ್ನೂ ದಾಖಲಿಸು ಎಂಬುದು ಅದರ ತಿರುಳು.

ದಾಖಲೆ, ಇಳಿಸುವಿಕೆ

ಕಿಟಕಿ ಜಾಗದಲ್ಲಿರುವಾಗಲೇ ಪ್ರತಿ ಪ್ಯಾನೆಲಿಗೆ ನಾಲ್ಕು ಫೋಟೊ ಬೇಕು: ಒಳಗಿನಿಂದ ಮತ್ತು ಹೊರಗಿನಿಂದ, ಹಿಂದಿನ ಬೆಳಕಿನಲ್ಲಿ ಮತ್ತು ಮುಂದಿನ ಬೆಳಕಿನಲ್ಲಿ. ಹಿಂಬೆಳಕಿನಲ್ಲಿ ಬಣ್ಣ ಕಾಣುತ್ತದೆ. ಮೈಮೇಲಿನ ಗುಳಿ, ಉದುರುವ ಬಣ್ಣ ಕಾಣುವುದು ಮುಂದಿನ ಬೆಳಕನ್ನು ಓರೆಯಾಗಿ ಬೀಳಿಸಿದಾಗ ಮಾತ್ರ. ಕೆಳಗಿನಿಂದ ಮೇಲಕ್ಕೆ ಸಾಲಿಗೆ ಅಂಕಿ, ಎಡದಿಂದ ಬಲಕ್ಕೆ ಅಕ್ಷರ ಕೊಡಿ. ಒಳಗೆ ನಿಂತು ನೋಡಿದ ಎಡವೇ ಎಡ ಎಂದು ಮೊದಲೇ ಬರೆದಿಡಿ. ಇದೊಂದು ಬರೆಯದೆ ಪ್ಯಾನೆಲ್ ಅದಲುಬದಲಾದದ್ದು ಎಷ್ಟೋ ಕಡೆ ಇದೆ.

ಬಿಚ್ಚುವಾಗ ಮೊದಲು ಕಟ್ಟುತಂತಿ ಬಿಡಿಸಿ, ಆಮೇಲೆ ಕಲ್ಲಿನ ಕಚ್ಚಿನಲ್ಲಿರುವ ಗಾರೆಯನ್ನು ತೆಳು ಉಳಿ, ಹಳೆಯ ಗರಗಸದ ಅಲಗಿನಿಂದ ಸ್ವಲ್ಪಸ್ವಲ್ಪವೇ ತೆಗೆಯಿರಿ. ಸುಣ್ಣದ ಗಾರೆ ಪುಡಿಯಾಗಿ ಬರುತ್ತದೆ. ಯಾರೋ ಸಿಮೆಂಟ್ ಹಾಕಿದ್ದರೆ ಗ್ರೈಂಡರ್ ಹಿಡಿಯುವ ಆಸೆ ಬರುತ್ತದೆ. ಬೇಡ. ಅದರ ನಡುಕಕ್ಕೆ ದಣಿದ ಸೀಸ ಸೀಳುತ್ತದೆ, ಹಾರುವ ಕಿಡಿ ಗಾಜಿನ ಮೇಲೆ ಕೂತು ಅಳಿಸಲಾಗದ ಚುಕ್ಕೆ ಬಿಡುತ್ತದೆ. ಅಗತ್ಯ ಬಿದ್ದರೆ ಪ್ಯಾನೆಲಿನ ಹೊರ ಅಂಚಿನ ಸೀಸವನ್ನೇ ಬಲಿಕೊಟ್ಟು ಗಾಜು ಉಳಿಸಿಕೊಳ್ಳಿ. ಅಂಚಿನ ಪಟ್ಟಿ ಹೊಸದು ಹಾಕಬಹುದು.

3 ಮಿ.ಮೀ. ಗಾಜೇ ಚದರ ಮೀಟರಿಗೆ ಏಳೂವರೆ ಕಿಲೋ. ಸೀಸ ಸೇರಿದರೆ ಅದರ ಎರಡು ಪಟ್ಟು ದಾಟುತ್ತದೆ. ಇಳಿಸುವುದಕ್ಕೆ ಇಬ್ಬರು ಬೇಕು. ಪ್ಯಾನೆಲನ್ನು ಯಾವಾಗಲೂ ನೆಟ್ಟಗೆ ಹಿಡಿದು ಸಾಗಿಸಬೇಕು. ಅಡ್ಡ ಮಾಡಿದರೆ ತನ್ನ ಭಾರಕ್ಕೇ ನಡುವಿನಲ್ಲಿ ಬಾಗಿ ಒಡೆಯುತ್ತದೆ. ಮಲಗಿಸಬೇಕೆಂದರೆ ಬೆನ್ನಿಗೆ ಹಲಗೆ ಒತ್ತಿ ಹಲಗೆ ಸಮೇತ ಮಲಗಿಸಿ. ಹೊಸ ಪ್ಲೈವುಡ್ ಪೆಟ್ಟಿಗೆಯಲ್ಲಿ ಮುಚ್ಚಿ ತಿಂಗಳಾನುಗಟ್ಟಲೆ ಇಡಬಾರದು. ಹಸಿ ಮರ, ಪ್ಲೈವುಡ್, ಅಗ್ಗದ ರಟ್ಟಿನಿಂದ ಬರುವ ಆಮ್ಲದ ಹಬೆಗೆ ಸೀಸ ಬಿಳಿಪುಡಿಯಾಗಿ ತಿಂದುಹೋಗುತ್ತದೆ, ಅದೇ ಬಿಳಿಪುಡಿ ವಿಷ. ಗಾಳಿಯಾಡುವ ಕಬ್ಬಿಣದ ರ್‍ಯಾಕ್, ತಳಕ್ಕೆ ಫೋಮ್ ಪಟ್ಟಿ, ನೆಟ್ಟಗೆ. ಇಷ್ಟು ಸಾಕು.

ವಿಷದ ವಿಚಾರ ಬಂದಾಗಲೇ ಹೇಳಿಬಿಡಬೇಕು. ಹಳೆಯ ಸೀಸ ಮುಟ್ಟುವಾಗ ನೈಟ್ರೈಲ್ ಗ್ಲೌಸ್, ಪುಡಿ ಏಳುವಲ್ಲಿ ಪಿ-100 ಮಾಸ್ಕ್. ಪೊರಕೆಯಿಂದ ಒಣಗುಡಿಸಬಾರದು, ಒದ್ದೆ ಬಟ್ಟೆ ಅಥವಾ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್. ಕೆಲಸದ ಕೋಣೆಯಲ್ಲಿ ಟೀ, ಬೀಡಿ, ಎಲೆಅಡಿಕೆ ಯಾವುದೂ ಇಲ್ಲ. ಬಾಯಿಯ ಮೂಲಕ ಹೋಗುವ ಸೀಸವೇ ಹೆಚ್ಚು. ಬಟ್ಟೆ ಅಲ್ಲೇ ಬದಲಿಸಬೇಕು, ಮನೆಯ ಮಕ್ಕಳವರೆಗೆ ಹೋಗಬಾರದು. ದಿನವೂ ಈ ಕೆಲಸ ಮಾಡುವವರಿಗೆ ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ.

ತೊಳೆಯುವುದು

ಗಾಜಿನ ಮೇಲಿನ ಕಪ್ಪು ಗೆರೆ, ನೆರಳು, ಮುಖದ ಕಣ್ಣು ಇವೆಲ್ಲ ಕಬ್ಬಿಣ ಅಥವಾ ತಾಮ್ರದ ಆಕ್ಸೈಡನ್ನು ಗಾಜಿನ ಪುಡಿ ಜತೆ ಅರೆದು ಬಳಿದು ಸುಟ್ಟದ್ದು. ಸಾಮಾನ್ಯವಾಗಿ ಒಳಮುಖದ ಮೇಲೆ ಇರುತ್ತದೆ. ಸರಿಯಾಗಿ ಸುಟ್ಟಿದ್ದರೆ ಗಾಜಿನ ಜತೆ ಒಂದಾಗಿರುತ್ತದೆ, ಅರೆಬರೆ ಸುಟ್ಟಿದ್ದರೆ ಉಗುರಿಗೆ ಎದ್ದುಬರುತ್ತದೆ. ಮೊದಲ ಪರೀಕ್ಷೆ ಕಣ್ಣಿನದು: ಟಾರ್ಚ್ ಓರೆಯಾಗಿ ಹಿಡಿದು 10 ಪಟ್ಟಿನ ಭೂತಗನ್ನಡಿಯಲ್ಲಿ ಬಣ್ಣದ ಅಂಚು ನೋಡಿ. ಸಿಪ್ಪೆ ಎದ್ದಿದ್ದರೆ ಅಲ್ಲಿಗೇ ನಿಲ್ಲಿಸಿ. ಎದ್ದಿಲ್ಲವೆಂದರೆ ಮೂಲೆಯ ಒಂದು ಗೆರೆಯ ಮೇಲೆ ಒದ್ದೆ ಹತ್ತಿಕಡ್ಡಿಯನ್ನು ಉಜ್ಜದೆ ಉರುಳಿಸಿ. ಹತ್ತಿ ಕಂದಾದರೆ ಅದು ಮಸಿಯೋ ಬಣ್ಣವೋ ಎಂದು ಭೂತಗನ್ನಡಿಯಲ್ಲಿ ಮತ್ತೆ ನೋಡಬೇಕು. ಅನುಮಾನ ಬಂದರೆ ಬಣ್ಣವೆಂದೇ ತಿಳಿಯಿರಿ.

ಬಣ್ಣ ಗಟ್ಟಿ ಇದ್ದಲ್ಲಿ ಮೃದು ಕುಂಚದಿಂದ ಧೂಳು ತೆಗೆದು, ಡಿಅಯೋನೈಸ್ಡ್ (ಲವಣ ತೆಗೆದ) ನೀರಿನಲ್ಲಿ ನೆನೆಸಿ ಹಿಂಡಿದ ಹತ್ತಿಯಿಂದ ಒರೆಸಿ. ಮೇಣದಬತ್ತಿಯ ಜಿಡ್ಡು ಇದ್ದರೆ ಅರ್ಧ ನೀರು ಅರ್ಧ ಎಥನಾಲ್. ಹತ್ತಿಯನ್ನು ಒಂದೇ ಸಲ ಬಳಸಿ ಬಿಸಾಡಿ, ಕೊಳೆಯ ಕಣವೇ ಗೀರುತ್ತದೆ. ಬಣ್ಣವೇ ಇಲ್ಲದ ಹೊರಮೈಯಲ್ಲಿ ಗಟ್ಟಿ ಸುಣ್ಣದ ಹನಿ, ಡಿಸ್ಟೆಂಪರ್ ಚುಕ್ಕೆ ಇದ್ದರೆ ಸ್ಕಾಲ್ಪೆಲ್ ಅನ್ನು ಮಲಗಿಸಿ ಎಬ್ಬಿಸಬಹುದು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಗೋಡೆಗೆ ಬಣ್ಣ ಹೊಡೆಸುವಾಗ ಕಿಟಕಿಗೆ ಪ್ಲಾಸ್ಟಿಕ್ ಹೊದಿಸದೆ ಬಿಡುತ್ತಾರೆ, ಆ ಚುಕ್ಕೆಗಳೇ ಜಾಸ್ತಿ.

ಬೇಡವೇ ಬೇಡ ಎಂಬವು: ಟಾಯ್ಲೆಟ್ ಆ್ಯಸಿಡ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್, ಸೋಪಿನ ಪುಡಿ, ಉಕ್ಕಿನ ನಾರು, ಪ್ರೆಷರ್ ವಾಷರ್. ಹೊಳಪು ಬರಲಿ ಎಂದು ವಾರ್ನಿಷ್ ಬಳಿಯುವುದೂ ಇದೇ ಸಾಲಿನದು. 1970ರ ದಶಕದಲ್ಲಿ ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ಪಶ್ಚಿಮದ ಕಿಟಕಿಗಳನ್ನು ತೊಳೆದು ವಯಾಕ್ರಿಲ್ ಎಂಬ ರಾಳ ಬಳಿದಾಗ ದೊಡ್ಡ ಗಲಾಟೆಯೇ ಆಯಿತು. ಗಾಜಿಗೆ ನೇರವಾಗಿ ಏನನ್ನಾದರೂ ಬಳಿದು ಕಾಪಾಡುತ್ತೇವೆ ಎನ್ನುವ ಯಾವ ಮಾತನ್ನೂ ನಂಬುವ ಹಾಗಿಲ್ಲ. ಉದುರುವ ಬಣ್ಣವನ್ನು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ತೆಳು ದ್ರಾವಣದಿಂದ ಮೈಕ್ರೋಸ್ಕೋಪಿನಡಿ ಹನಿಹನಿಯಾಗಿ ಹಿಡಿದು ನಿಲ್ಲಿಸುವುದು ಬೇರೆ ವಿಷಯ. ಅದು ತರಬೇತಾದ ಸಂರಕ್ಷಕರ ಕೆಲಸ, ಕಮಿಟಿಯ ಉತ್ಸಾಹಿಗಳದ್ದಲ್ಲ.

ಒಡೆದ ಗಾಜು, ಕಳೆದ ಗಾಜು

ಬಿರುಕಿಗೆ ಮೂರು ದಾರಿಗಳಿವೆ. ಮೊದಲನೆಯದು ಪಾರದರ್ಶಕ ಎಪಾಕ್ಸಿ. ಅಂಚುಗಳನ್ನು ಅಸಿಟೋನಿನಿಂದ ಒರೆಸಿ, ತುಂಡುಗಳನ್ನು ಒಣದಾಗಿಯೇ ಜೋಡಿಸಿ ಟೇಪು ಹಚ್ಚಿ, ಮೇಲಿನಿಂದ ತೆಳು ಎಪಾಕ್ಸಿ ಹನಿ ಬಿಟ್ಟರೆ ಅದು ತಾನಾಗಿ ಬಿರುಕಿನೊಳಗೆ ಇಳಿಯುತ್ತದೆ. ಹೆಕ್ಸ್‌ಟಲ್ ಎನ್‌ವೈಎಲ್-1 ಎಂಬ ಎಪಾಕ್ಸಿ ಗಾಜಿನಂತೆಯೇ ಬೆಳಕು ಬಾಗಿಸುತ್ತದೆ, ಬಿರುಕು ಬಹುತೇಕ ಮಾಯ. ಆದರೆ ಗಟ್ಟಿಯಾಗಲು ಒಂದು ವಾರ ಬೇಕು. ಅರಾಲ್ಡೈಟ್ 2020 ಬೇಗ ಕೂರುತ್ತದೆ. ಎರಡನ್ನೂ ತೂಕದ ಲೆಕ್ಕದಲ್ಲಿ ಗ್ರಾಮಿನ ದಶಾಂಶದವರೆಗೆ ತೂಗಿ ಬೆರೆಸಬೇಕು. ಕಣ್ಣಳತೆಯಲ್ಲಿ ಬೆರೆಸಿದ್ದು ಅಂಟಂಟಾಗಿಯೇ ಉಳಿಯುತ್ತದೆ. ಬಿಸಿಲಿನ ಅತಿನೇರಳೆಗೆ ಎಪಾಕ್ಸಿ ಹಳದಿಯಾಗುತ್ತದೆ, ಆದ್ದರಿಂದ ಹೊರಗೆ ರಕ್ಷಣೆ ಇರುವ ಕಿಟಕಿಗೆ ಇದು ಒಳ್ಳೆಯದು.

ಎರಡನೆಯದು ಹಿಂಬದಿಯಲ್ಲಿ ಅಂಟು ಬಳಿದ ತಾಮ್ರದ ತೆಳು ಪಟ್ಟಿಯನ್ನು ಅಂಚಿಗೆ ಸುತ್ತಿ ಬೆಸೆಯುವುದು. ಒಂದೆರಡು ಮಿ.ಮೀ. ಗೆರೆ ಕಾಣುತ್ತದೆ, ಆದರೆ ಬಿಸಿಲು ಮಳೆಗೆ ತಡೆಯುತ್ತದೆ. ಬೆಸುಗೆಯ ಬಿಸಿಗೆ ಹಳೆಯ ಪೊಟ್ಯಾಶ್ ಗಾಜು ಚಟ್ಟನೆ ಸೀಳಬಹುದು, ಅಲ್ಲಿ ಬೇಡ. ಮೂರನೆಯದು ನ್ಯೂಟ್ರಲ್ ಸಿಲಿಕೋನ್. ಮೃದು, ಮುಂದೆ ಕತ್ತರಿಸಿ ತೆಗೆಯಬಹುದು. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ಸೀಸವನ್ನು ತಿನ್ನುತ್ತದೆ.

ಕಳೆದ ತುಂಡಿಗೆ ಹೊಸದು ಮಾಡಬೇಕಾದಾಗ ಹಳೆಯ ಫೋಟೊ ಹುಡುಕಿ. ಮದುವೆ, ದೀಕ್ಷೆಯ ಗ್ರೂಪ್ ಫೋಟೊಗಳ ಹಿಂದೆ ಕಿಟಕಿ ಬಿದ್ದಿರುತ್ತದೆ. ಊದಿ ಮಾಡಿದ ಗಾಜಿನಲ್ಲಿ ಗುಳ್ಳೆ, ಗೆರೆ ಇರುವ ಕಾರಣ ಬೆಳಕು ಆಡುತ್ತದೆ. ಅಂಗಡಿಯ ಫ್ಲೋಟ್ ಗಾಜು ಹಾಕಿದರೆ ಆ ತುಂಡು ಸತ್ತಂತೆ ಕಾಣುತ್ತದೆ. ಬಣ್ಣ ಬರೆದು ಕುಲುಮೆಯಲ್ಲಿ ಸುಮಾರು 620–670 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು, ನಿಧಾನವಾಗಿ ಆರಿಸಬೇಕು. ಹಳದಿ ಬೆಳ್ಳಿ ಬಣ್ಣವನ್ನು ಹಿಂಬದಿಗೆ ಬಳಿದು ಇನ್ನೂ ಕಡಿಮೆ ಬಿಸಿಯಲ್ಲಿ, ಕೊನೆಯ ಸುಡುವಿಕೆಗೆ ಬಿಡಬೇಕು. ಹೊಸ ತುಂಡಿನ ಅಂಚಿನಲ್ಲಿ ಸೀಸದಡಿ ಮುಚ್ಚುವಂತೆ ಇಸವಿ ಗೀರಿ. ಹಳೆಯ ತುಂಡನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಕುಲುಮೆಗೆ ಹಾಕಬೇಡಿ. ಮಾಸಿದ ಮುಖ ಕಾಣಬೇಕೆಂದರೆ ಹಿಂದೆ ಇನ್ನೊಂದು ತೆಳು ಗಾಜಿನ ಮೇಲೆ ಗೆರೆ ಬರೆದು ಜೋಡಿಸಬಹುದು. ಮುಂದಿನವರಿಗೆ ಬೇಡವೆನಿಸಿದರೆ ತೆಗೆದುಬಿಡುತ್ತಾರೆ.

ಹೊಸ ಸೀಸ ಹಾಕುವುದು

ಬಿಚ್ಚುವ ಮೊದಲು ಪ್ಯಾನೆಲಿನ ಮೇಲೆ ಕಾಗದವಿಟ್ಟು ಮೇಣದ ಬಳಪದಿಂದ ಉಜ್ಜಿ ಯಥಾಗಾತ್ರದ ಅಚ್ಚು ತೆಗೆಯಿರಿ, ಎರಡು ಪ್ರತಿ. ಒಂದರ ಮೇಲೆ ಬಿಚ್ಚಿದ ತುಂಡು ಹರಡಲು, ಇನ್ನೊಂದರ ಮೇಲೆ ಕಟ್ಟಲು. ಪಟ್ಟಿಯ ಅಗಲವನ್ನು ಪ್ರತಿ ಗೆರೆಯ ಮೇಲೂ ಬರೆಯಿರಿ. ಎಲ್ಲ ಕಡೆ 6 ಮಿ.ಮೀ. ಹಾಕಿದರೆ ಮೂಲ ಚಿತ್ರಗಾರ 4 ಮತ್ತು 9ರ ನಡುವೆ ಮಾಡಿದ ಗೆರೆಯ ಆಟವೆಲ್ಲ ಹೋಗುತ್ತದೆ. ಹಳೆಯ ಪಟ್ಟಿಯನ್ನು ಬೆಸುಗೆಯ ಪಕ್ಕ ಕತ್ತರಿಸಿ, ಗಾಜಿನ ಮೇಲೆ ಚಾಚಿರುವ ಅದರ ರೆಕ್ಕೆಯನ್ನು ಗಾಜಿನಿಂದ ಆಚೆಗೆ ಮಡಿಚಿ ತುಂಡು ಬಿಡಿಸಿ. ಗಾಜನ್ನು ಎಳೆಯಬೇಡಿ, ಸೀಸವನ್ನು ಎಳೆಯಿರಿ.

ಕಟ್ಟುವ ಕ್ರಮ ಹೀಗೆ:

1. ಹಲಗೆಯ ಮೇಲೆ ಎರಡು ಮರದ ರೀಪುಗಳನ್ನು ಮೂಲೆಮಟ್ಟ ಹಿಡಿದು 90 ಡಿಗ್ರಿಗೆ ಹೊಡೆಯಿರಿ. ಈ ಮೂಲೆಯಿಂದಲೇ ಶುರು.
2. ಎಚ್ ಅಕ್ಷರದ ಆಕಾರದ ಪಟ್ಟಿಯ ಒಂದು ತುದಿ ವೈಸ್‌ಗೆ ಕೊಟ್ಟು ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ನೆಟ್ಟಗಾಗುವಷ್ಟೇ ಎಳೆಯಿರಿ. ಹೆಚ್ಚು ಎಳೆದರೆ ಪಟ್ಟಿ ತೆಳ್ಳಗಾಗುತ್ತದೆ. ಅಪ್ಪಟ ಸೀಸ ಬೇಗ ದಣಿಯುತ್ತದೆ. ತವರ, ಆ್ಯಂಟಿಮೊನಿ, ತಾಮ್ರದ ಅಂಶ ಸ್ವಲ್ಪ ಬೆರೆತ ಪಟ್ಟಿಯನ್ನೇ ಕೇಳಿ ತರಿಸಿ.
3. ಅಂಚಿನ ಪಟ್ಟಿ, ಮೊದಲ ಗಾಜು, ಮತ್ತೆ ಪಟ್ಟಿ. ಪ್ರತಿ ತುಂಡನ್ನೂ ಚಪ್ಪಟೆ ಕುದುರೆಲಾಳದ ಮೊಳೆಯಿಂದ ತಾತ್ಕಾಲಿಕವಾಗಿ ತಡೆಯಿರಿ. ಮೊಳೆಗೂ ಗಾಜಿಗೂ ನಡುವೆ ಸೀಸದ ತುಣುಕು ಇರಲಿ.
4. ಪಟ್ಟಿಯ ತುದಿ ಇನ್ನೊಂದರ ರೆಕ್ಕೆಗೆ ಸರಿಯಾಗಿ ತಾಗಬೇಕು. 1 ಮಿ.ಮೀ. ಸಂದಿಯನ್ನು ಬೆಸುಗೆ ತುಂಬಬಲ್ಲದು, 3 ಮಿ.ಮೀ. ಸಂದಿ ತುಂಬಿದರೂ ಅಲ್ಲೇ ಸೀಳುತ್ತದೆ.
5. ಕೂಡುವಲ್ಲಿ ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಕೊಬ್ಬಿನ ಬತ್ತಿ ಅಥವಾ ಸ್ಟಿಯರಿನ್ ಸವರಿ, 60ಕ್ಕೆ 40ರ ತವರ–ಸೀಸದ ಕಡ್ಡಿಯಿಂದ ಬೆಸೆಯಿರಿ. ಅದು ಕರಗಲು ಶುರುವಾಗುವುದು 183 ಡಿಗ್ರಿಯಲ್ಲಿ, ಪಟ್ಟಿ ಕರಗುವುದು 327ರಲ್ಲಿ. ಕಾದ ತುದಿಯನ್ನು ಮೊದಲು ಬೇಡದ ಸೀಸದ ಮೇಲೆ ಎರಡು ಸೆಕೆಂಡ್ ಇಟ್ಟು ನೋಡಿ; ತೂತು ಬಿದ್ದರೆ ಬಿಸಿ ಇಳಿಸಿ.
6. ತಿರುವಿ ಹಾಕಿ ಹಿಂಬದಿಯನ್ನೂ ಬೆಸೆಯಿರಿ. ಕಂಬಿ ಬರುವ ಎತ್ತರದಲ್ಲಿ, ಪಟ್ಟಿಗಳು ಕೂಡುವ ಜಾಗದಲ್ಲೇ, ತಾಮ್ರದ ಕಟ್ಟುತಂತಿ ಬೆಸೆಯಲು ಮರೆಯಬೇಡಿ. ಪಟ್ಟಿಯ ನಡುವೆ ಬೆಸೆದರೆ ಗಾಳಿಗೆ ಸೀಸ ಕಿತ್ತುಬರುತ್ತದೆ.

ಪ್ಯಾನೆಲ್ ಅಳತೆ ಮೀರಿ ಬೆಳೆಯುವುದು ಎಲ್ಲರಿಗೂ ಆಗುವ ತೊಂದರೆ. ತುಂಡು ತುಂಡಿನ ನಡುವೆ ಪಟ್ಟಿಯ ನಡುಗೋಡೆಗೆ ಒಂದೂವರೆ ಮಿ.ಮೀ. ಬೇಕು, ಅಲ್ಲಿ ಅರ್ಧ ಮಿ.ಮೀ. ಹೆಚ್ಚಾದರೂ ಹತ್ತು ತುಂಡಿಗೆ 5 ಮಿ.ಮೀ. ಆಯಿತು, ಕಲ್ಲಿನ ಕಚ್ಚಿಗೆ ಕೂರುವುದಿಲ್ಲ. ಹಾಗೆಂದು ಹಳೆಯ ಗಾಜಿನ ಅಂಚು ಕಡಿಯಬೇಡಿ. ಬಿಚ್ಚಿ ಬಿಗಿಯಾಗಿ ಮತ್ತೆ ಕಟ್ಟಿ. ಪ್ರತಿ ಸಾಲಿಗೂ ಅಳತೆಪಟ್ಟಿ ಇಟ್ಟು ನೋಡಿದರೆ ಈ ಪಾಡು ಬರುವುದಿಲ್ಲ.

ಸಂದಿಯ ಪುಟ್ಟಿಗೆ ಕಾಯಿಸಿದ ಅಗಸೆ ಎಣ್ಣೆ ಒಂದು ಭಾಗ, ಟರ್ಪಂಟೈನ್ ಒಂದು ಭಾಗ, ಚಾಕ್ ಪುಡಿ ಹಿಡಿಯುವಷ್ಟು, ಬಣ್ಣಕ್ಕೆ ಚಿಟಿಕೆ ಕಾಡಿಗೆ ಪುಡಿ. ದೋಸೆ ಹಿಟ್ಟಿಗಿಂತ ಗಟ್ಟಿ ಇರಬೇಕು. ಗಿಡ್ಡ ಕೂದಲಿನ ಬ್ರಷ್‌ನಿಂದ ಎಲ್ಲ ದಿಕ್ಕಿನಿಂದ ಪಟ್ಟಿಯಡಿ ತಳ್ಳಿ, ಮೇಲೆ ಒಣ ಚಾಕ್ ಪುಡಿ ಚೆಲ್ಲಿ ಎಣ್ಣೆ ಹೀರಿಸಿ, ಪಟ್ಟಿಯ ಉದ್ದಕ್ಕೆ ಉಜ್ಜಿ ತೆಗೆಯಿರಿ. ಒಂದು ದಿನ ಬಿಟ್ಟು ಮೂಲೆಯಲ್ಲಿ ಉಬ್ಬಿದ್ದನ್ನು ಚೂಪು ಕಡ್ಡಿಯಿಂದ ಕೆರೆದು, ತಿರುವಿ ಹಾಕಿ ಇನ್ನೊಂದು ಮೈ. ಒಂದೆರಡು ವಾರ ಮಲಗಿರಲಿ. ಬಣ್ಣ ಸಡಿಲವಿರುವ ಗಾಜಿಗೆ ಈ ಬ್ರಷ್ ಕೆಲಸ ಬೇಡ. ಗಟ್ಟಿ ಪುಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ತುಂಬಿ. ಬಿಳಿ ಸಿಮೆಂಟ್, ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸುವವರಿದ್ದಾರೆ. ಬೇಗ ಗಟ್ಟಿಯಾಗುತ್ತದೆ ನಿಜ, ಮುಂದಿನ ಸಲ ಬಿಚ್ಚುವಾಗ ಗಾಜು ಒಡೆಯದೆ ಬರುವುದಿಲ್ಲ.

ಮತ್ತೆ ಕೂರಿಸುವುದು, ಹೊರಗಿನ ರಕ್ಷಣೆ

ತುಕ್ಕು ಹಿಡಿದ ಕಂಬಿಯ ನಡುಭಾಗ ಗಟ್ಟಿ ಇದ್ದರೆ ಕಲ್ಲಿನೊಳಗೆ ಹೋಗುವ ತುದಿಗಳನ್ನಷ್ಟೇ ಕತ್ತರಿಸಿ ಸ್ಟೇನ್‌ಲೆಸ್ ಸ್ಟೀಲ್ ತುದಿ ಬೆಸೆಯಬಹುದು. ಪ್ಯಾನೆಲನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ, ತಂತಿಯನ್ನು ಕಂಬಿಗೆ ಸುತ್ತಿ ಎರಡು ಸುತ್ತು ತಿರುಚಿ ಮಡಚಿ. ಮೇಲಿನ ಪ್ಯಾನೆಲಿನ ಅಂಚು ಕೆಳಗಿನದರ ಹೊರಗೆ ಬರಬೇಕು. ಒಳಗೆ ಬಂದರೆ ಮಳೆನೀರು ನೇರ ಬಲಿಪೀಠದ ಮೇಲೆ.

ರಕ್ಷಣಾ ಗಾಜಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಯುರೋಪಿನ ಒಳ್ಳೆಯ ಪದ್ಧತಿಯಲ್ಲಿ ಕಲ್ಲಿನ ಹಳೆಯ ಕಚ್ಚಿಗೆ ಹೊಸ ಗಾಜು ಬರುತ್ತದೆ, ಮಳೆ ಬಿಸಿಲು ಅದು ತಿನ್ನುತ್ತದೆ. ಹಳೆಯ ಪ್ಯಾನೆಲನ್ನು ಕಂಚಿನ ಚೌಕಟ್ಟಿನಲ್ಲಿ ಸುಮಾರು 40–60 ಮಿ.ಮೀ. ಒಳಗೆ ತೂಗುಹಾಕುತ್ತಾರೆ. ಕೆಳಗೂ ಮೇಲೂ ಸಂದಿ ಬಿಟ್ಟು ಚರ್ಚ್‌ನ ಒಳಗಾಳಿ ಎರಡರ ನಡುವೆ ಓಡಾಡುವಂತೆ ಮಾಡುತ್ತಾರೆ. ಆಗ ಹಳೆಯ ಗಾಜಿನ ಎರಡು ಮೈಯೂ ಒಂದೇ ತಾಪದಲ್ಲಿರುತ್ತವೆ, ಬಣ್ಣದ ಮೇಲೆ ಬೆವರು ಕಟ್ಟುವುದಿಲ್ಲ. ಕಟ್ಟಿದರೆ ಹೊರಗಿನ ಹೊಸ ಗಾಜಿನ ಮೇಲೆ ಕಟ್ಟಿ ಕೆಳಗಿನ ಸೀಸದ ತಟ್ಟೆಗೆ ಇಳಿದು ಹೊರಹೋಗುತ್ತದೆ. ನಮ್ಮಲ್ಲಿ ಇದರ ಹೆಸರಿನಲ್ಲಿ ನಡೆಯುವುದು ಹೊರಗೆ ಪಾಲಿಕಾರ್ಬೊನೇಟ್ ಶೀಟು ಒತ್ತಿ ಸುತ್ತ ಸಿಲಿಕೋನ್ ಬಿಗಿಯುವುದು. ಒಳಗೆ ಕಾವು ಏರಿ ಸೀಸ ಹಿಗ್ಗಿ ಉಬ್ಬುತ್ತದೆ, ಮಳೆಗಾಲದಲ್ಲಿ ಬೆವರು ಒಣಗದೆ ಪಾಚಿ ಕಟ್ಟುತ್ತದೆ, ಶೀಟು ಹಳದಿಯಾಗಿ ಚಿತ್ರವೇ ಕಾಣುವುದಿಲ್ಲ. ಇದಕ್ಕಿಂತ ಏನೂ ಹಾಕದಿರುವುದು ಮೇಲು. 19–20ನೇ ಶತಮಾನದ ಗಟ್ಟಿ ಗಾಜಿಗೆ, ಬಣ್ಣ ಚೆನ್ನಾಗಿದ್ದರೆ, ಕಲ್ಲೇಟು ಮತ್ತು ಪಾರಿವಾಳಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಸಾಕು ಎಂಬುದು ನಮ್ಮ ಅಭಿಪ್ರಾಯ. ಜಾಲರಿಯನ್ನು ಕಲ್ಲಿಗೆ ಕೊರೆಯದೆ ಗಾರೆಯ ಸಂದಿಗೆ ಕೊಕ್ಕೆ ಹಾಕಿ, ಗಾಜಿನಿಂದ ಕನಿಷ್ಠ 50 ಮಿ.ಮೀ. ದೂರ ನಿಲ್ಲಿಸಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ ಹಾಕಿದರೆ ಕೆಲವೇ ಮಳೆಗಾಲಕ್ಕೆ ತುಕ್ಕಿನ ನೀರು ಕಲ್ಲಿನ ಮೇಲೆ ಇಳಿಯುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ.

ಮೊದಲ ಮಳೆಗಾಲ ಮುಗಿದ ಕೂಡಲೇ ಏಣಿ ಹತ್ತಿ ನೋಡಬೇಕು: ಕಟ್ಟುತಂತಿ ಬಿಗಿಯಾಗಿದೆಯೇ, ಗಾರೆ ಬಿರುಕು ಬಿಟ್ಟಿದೆಯೇ, ನೀರು ಹೋಗುವ ತೂತಿನಲ್ಲಿ ಕಸ ಕಟ್ಟಿದೆಯೇ. ಹೆಜ್ಜೇನು ಕೂತಿದ್ದರೆ ಕಿಟಕಿಯಡಿ ಹೊಗೆ ಹಾಕಲು ಬಿಡಬೇಡಿ, ಮಸಿಯೆಲ್ಲ ಗಾಜಿಗೆ. ಬಿಚ್ಚಿದ ಹಳೆಯ ಸೀಸದ ಮಾದರಿ, ಕೂರದೆ ಉಳಿದ ಗಾಜಿನ ಚೂರು, ಉಜ್ಜಿದ ಅಚ್ಚು, ಫೋಟೊಗಳ ಒಂದು ಪ್ರತಿ ಇವನ್ನು ಪ್ಯಾನೆಲಿನ ನಂಬರು ಬರೆದ ಡಬ್ಬಿಯಲ್ಲಿ ಹಾಕಿ ಚರ್ಚ್ ಕಚೇರಿಯ ಬೀರುವಿನಲ್ಲಿಡಿ. ಯಾವ ಎಪಾಕ್ಸಿ, ಯಾವ ಪುಟ್ಟಿ, ಎಷ್ಟು ಅಗಲದ ಪಟ್ಟಿ ಬಳಸಿದಿರಿ ಎಂಬ ಚೀಟಿಯೂ ಅದರಲ್ಲೇ ಇರಲಿ.